ಶಾನುಭೋಗರ ಮಗ, ತೋಟಿಯ ಮಗ

‘ಅಪ್ಪ ಸರ್ವಿಸಿನಲ್ಲೇ ತೀರಿಕೊಂಡರಂತೆ. ಹುಡುಗನಿಗೆ ಅನುಕಂಪದ ಮೇಲೆ ಆಯ್ತು, ಪುಣ್ಯವಂತ.’ ತಾಲೂಕು ಕಚೇರಿಯ ಜಗಲಿಯಲ್ಲಿ ಕಿವಿಗೆ ಬಿದ್ದ ಈ ಮಾತು ವಾರದಿಂದ ಕೊರೆಯುತ್ತಿದೆ. ಅನುಕಂಪದ ನೇಮಕ ಕುಟುಂಬ ಬೀದಿಗೆ ಬೀಳದಿರಲೆಂದು ಕೊಡುವ ಆಸರೆ, ಹಕ್ಕಲ್ಲ ಎಂದು ಸುಪ್ರೀಂ ಕೋರ್ಟು 1994ರಲ್ಲೇ ಹೇಳಿದೆ. ಯಾರು ಕೇಳುತ್ತಾರೆ? ಮದುವೆಯಾದ ಮಗಳನ್ನು 2021ರವರೆಗೆ ನಮ್ಮ ನಿಯಮವೇ ಹೊರಗಿಟ್ಟಿತ್ತು, ಹೊಲ ಹಂಚುವವರ ಹಾಗೆ.

ಹುದ್ದೆ ಆಸ್ತಿಯೇ ಆಗಿದ್ದ ಕಾಲವೊಂದಿತ್ತು. ಶಾನುಭೋಗಿಕೆ ಎಂದರೆ ನನ್ನ ಪೆನ್ನು ನಿಲ್ಲುವುದಿಲ್ಲ. ಹಳೆಯ ಓದುಗರು ಸಹಿಸಿಕೊಳ್ಳಬೇಕು, ನಮ್ಮಜ್ಜನೂ ಶಾನುಭೋಗರೇ. ಹುಣಸೆಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು ಒಣಗಿಸಿದರೆ ಕಡತ. ಅದರ ಮೇಲೆ ಬಳಪದಲ್ಲಿ ಬರೆಯುವುದು, ಒರೆಸುವುದು, ಮತ್ತೆ ಕಪ್ಪು ಬಳಿಯುವುದು. ಕಂಪನಿಯ ಸರ್ವೇಯರ್ ಮೆಕೆಂಜಿಯ ಕಡೆಯವರು ಕೈಫಿಯತ್ತು, ಅಂದರೆ ಊರಿನ ವೃತ್ತಾಂತ, ಕಲೆಹಾಕಲು ಊರೂರು ತಿರುಗಿದಾಗ ತಡಕಾಡಿದ್ದೂ ಶಾನುಭೋಗರ ಇಂಥ ಕಟ್ಟುಗಳನ್ನೇ.

1960ರ ಡಿಸೆಂಬರಿನಲ್ಲಿ, ಆಂಧ್ರದ ಗ್ರಾಮ ಮುನ್ಸೀಫರೊಬ್ಬರ ಮೊಕದ್ದಮೆಯಲ್ಲಿ, ಇಂಥವರ ಮಗನೆಂಬ ಕಾರಣಕ್ಕೆ ಹುದ್ದೆ ಸಲ್ಲದು ಎಂದು ತೀರ್ಪಾಯಿತು. ನಮ್ಮಲ್ಲಿ 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂತು. ಆಮೇಲಿನ ಗೋಳು ಓದಿ ಓದಿ ರೋಸಿಹೋಗಿದ್ದೇನೆ: ‘ಅವರಿಗೆ ಲೆಕ್ಕ ರಕ್ತದಲ್ಲೇ ಇತ್ತು!’ ರಕ್ತದಲ್ಲಿ ಎಲ್ಲಿಯ ಲೆಕ್ಕ? ಜಮಾಬಂದಿಯ ರಾತ್ರಿಗಳಲ್ಲಿ ಅಪ್ಪನ ಪಕ್ಕ ಕೂತು ನಕಲು ತೆಗೆದ ಹುಡುಗನಿಗೆ ಲೆಕ್ಕ ಬಂತು, ಅಷ್ಟೆ.

ಹೀಗೆ ಬರೆಯುತ್ತಿರುವಾಗ ನೆನಪಾಯಿತು, ಅದೇ ಕಾಯ್ದೆ ತೋಟಿ, ತಳವಾರ, ನೀರಗಂಟಿಯರ ವಂಶದ ಚಾಕರಿಯನ್ನೂ ತೆಗೆದುಹಾಕಿತು. ಹುದ್ದೆ ಯಾರಿಗೆ ಹೋಯಿತೆಂದು ಇಷ್ಟು ಹೊತ್ತು ಕೇಳುತ್ತಿದ್ದೆನಲ್ಲ, ಕೇಳಬೇಕಾದದ್ದು ಅದಲ್ಲ. ತೋಟಿಯ ಮಗನೂ ಅಪ್ಪನ ಹಿಂದೆ ನಡೆದೇ ಕಲಿತಿದ್ದ: ಯಾವ ಬದುವಿನಲ್ಲಿ ಯಾವ ಗಡಿಕಲ್ಲು ಹೂತಿದೆ, ಯಾರ ಜಮೀನು ಎಲ್ಲಿಗೆ ಮುಗಿಯುತ್ತದೆ. ತೂಬು ಎಷ್ಟು ಎತ್ತಿದರೆ ಕೊನೆಯ ಗದ್ದೆಗೆ ನೀರು ಹತ್ತುತ್ತದೆಂದು ನೀರಗಂಟಿಯ ಮಗನಿಗೆ ಗೊತ್ತಿತ್ತು. ಮುಂದೆ ಬಂದ ನೇಮಕಾತಿಗಳು ಕೇಳಿದ್ದು ಅಂಕಪಟ್ಟಿ. ಶಾನುಭೋಗರ ಮನೆಯ ಹುಡುಗನಿಗೆ ಹುದ್ದೆ ಹೋದರೂ ಅಕ್ಷರ ಉಳಿದಿತ್ತು. ಅವನು ಮೇಷ್ಟರಾದ, ಗುಮಾಸ್ತನಾದ, ಬ್ಯಾಂಕು ಸೇರಿದ. ಗಡಿಕಲ್ಲಿನ ತಿಳಿವಳಿಕೆಗೆ ಯಾವ ಪರೀಕ್ಷೆಯೂ ಅಂಕ ಕೊಡಲಿಲ್ಲ.

ಕೋಲಾರದ ಕಡೆ ಕೆಲವು ಕೆರೆಗಳಲ್ಲಿ ಕಾಯ್ದೆ ಬಂದ ಮೇಲೂ ನೀರಗಂಟಿ ಉಳಿದುಕೊಂಡ. ಈಗ ಅವನ ‘ಪಾರಂಪರಿಕ ಜ್ಞಾನ’ ದಾಖಲಿಸಲು ವಿಚಾರ ಸಂಕಿರಣಗಳು ನಡೆಯುತ್ತವೆ. ಪ್ರಬಂಧ ಮಂಡಿಸುವವರಲ್ಲಿ ನೀರಗಂಟಿಯ ಮಕ್ಕಳೆಷ್ಟು, ಶಾನುಭೋಗರ ಮೊಮ್ಮಕ್ಕಳೆಷ್ಟು ಎಂದು ಸಂಘಟಕರು ಮುಂದಿನ ಬಾರಿ ಕೈ ಎತ್ತಿಸಿ ನೋಡಲಿ.