ಬೆನ್ನು ಮುರಿದವನಿಗೆ ಬಾಳಿಲ್ಲವೇ?

1965ರ ಮೇ 29ರಂದು ಎವರೆಸ್ಟ್ ಶಿಖರವನ್ನು ಮೆಟ್ಟಿದ ಭಾರತೀಯರಲ್ಲಿ ಮೇಜರ್ ಎಚ್.ಪಿ.ಎಸ್. ಅಹ್ಲೂವಾಲಿಯಾ ಒಬ್ಬರು. ಎಂ.ಎಸ್. ಕೊಹ್ಲಿಯವರ ನಾಯಕತ್ವದ ಆ ತಂಡದಿಂದ ಒಟ್ಟು ಒಂಬತ್ತು ಮಂದಿ ತುದಿ ಮುಟ್ಟಿದರು, ದೇಶವೇ ಹಿಗ್ಗಿತು. ಆ ಹಿಗ್ಗು ಆರುವ ಮೊದಲೇ, ಅದೇ ವರ್ಷ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ಗುಂಡೊಂದು ತಗಲಿ ಅವರ ಬೆನ್ನುಹುರಿಗೆ ಘಾಸಿಯಾಯಿತು. ಮೂವತ್ತು ತುಂಬುವ ಮೊದಲೇ ಗಾಲಿಕುರ್ಚಿ ಅವರ ಪಾಲಿಗೆ ಬಂತು. ಪರ್ವತಾರೋಹಣ ಅಲ್ಲಿಗೆ ಮುಗಿಯಿತು.

ಬಾಳು ಮಾತ್ರ ಮುಗಿಯಲಿಲ್ಲ. ಚಿಕಿತ್ಸೆಗಾಗಿ ಅವರು ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆಗೆ ಹೋದರು. ಬೆನ್ನುಹುರಿಗೆ ಪೆಟ್ಟಾದವರು ಸಾಯುವ ದಿನ ಎಣಿಸುತ್ತ ಮಲಗಿರಬೇಕಾಗಿಲ್ಲ, ದುಡಿದು ಬದುಕಬಲ್ಲರು ಎಂದು ಡಾ. ಲುಡ್ವಿಗ್ ಗುಟ್ಮನ್ 1944ರಿಂದ ತೋರಿಸಿಕೊಟ್ಟ ಜಾಗ ಅದು. ಇಂತಹ ಆರೈಕೆ ನಮ್ಮ ದೇಶದ ಬಡವನಿಗೂ ಸಿಗಬೇಕೆಂದು ಅಹ್ಲೂವಾಲಿಯಾ ವರ್ಷಗಟ್ಟಲೆ ಸರಕಾರದ ಬಾಗಿಲು ತಟ್ಟಿದರು. ದಿಲ್ಲಿಯ ವಸಂತ ಕುಂಜದಲ್ಲಿರುವ ಭಾರತೀಯ ಬೆನ್ನುಹುರಿ ಗಾಯಗಳ ಕೇಂದ್ರ ಆ ಹಟದ ಫಲ. 2022ರ ಜನವರಿಯಲ್ಲಿ ತೀರಿಕೊಳ್ಳುವವರೆಗೂ ಅವರು ಅಂಗವಿಕಲರ ಪರವಾಗಿ ದುಡಿದರು.

ಇದನ್ನೆಲ್ಲ ಕಾರ್ಮಿಕರ ಪತ್ರಿಕೆಯಲ್ಲಿ ಬರೆಯುವುದೇಕೆ? ನಮ್ಮವರ ಕೆಲಸವೂ ಬೆನ್ನಿನ ಮೇಲೆಯೇ ನಿಂತಿದೆ. ಅಕ್ಕಿಯ ಮೂಟೆ ಹೊತ್ತು ಮಾಳಿಗೆ ಹತ್ತುವವನು, ಎಣ್ಣೆ ಚೆಲ್ಲಿದ ಅಡಿಗೆಮನೆಯಲ್ಲಿ ಕೊಪ್ಪರಿಗೆ ಎತ್ತುವವನು, ಗಿರಣಿಯಲ್ಲಿ ನೂಲಿನ ಹೊರೆ ಸಾಗಿಸುವವನು, ಇವರಲ್ಲಿ ಯಾರು ಯಾವ ಗಳಿಗೆಯಲ್ಲಿ ಜಾರಿ ಬಿದ್ದಾರೆಂದು ಹೇಳಬಲ್ಲವರಾರು? ಸೈನಿಕನ ಬೆನ್ನಿಗೆ ಸೈನ್ಯವಿತ್ತು. ಊರು ಬಿಟ್ಟು ಬಂದು ಖೋಲಿಯಲ್ಲಿ ಹತ್ತು ಜನರೊಡನೆ ಮಲಗುವ ನಮ್ಮ ತಮ್ಮನ ಬೆನ್ನಿಗೆ ಯಾರಿದ್ದಾರೆ?

ಮೊದಲು ನಾವೇ ಇರಬೇಕು. ಎತ್ತರದಿಂದ ಬಿದ್ದವನನ್ನು ಗಾಬರಿಯಿಂದ ಕೈಕಾಲು ಹಿಡಿದು ಎತ್ತಬಾರದು, ಕುಳ್ಳಿರಿಸಿ ನೀರು ಕುಡಿಸಬಾರದು. ಕುತ್ತಿಗೆ, ಬೆನ್ನು ಅಲುಗದಂತೆ ಇದ್ದಲ್ಲೇ ಮಲಗಿಸಿ ಆಂಬುಲೆನ್ಸ್ ಕರೆಸಬೇಕು. ಸಾಗಿಸಲೇಬೇಕಾದರೆ ನಾಲ್ಕೈದು ಜನ ಸೇರಿ, ತಲೆಯನ್ನು ಮೈಯ ನೇರಕ್ಕೇ ಹಿಡಿದು, ಗಟ್ಟಿ ಹಲಗೆಯ ಮೇಲೆ ಒಯ್ಯಬೇಕು. ಅವಸರದ ಉಪಕಾರವೇ ಉಳಿದಿದ್ದ ಶಕ್ತಿಯನ್ನೂ ಕಸಿಯಬಹುದು.

ಎರಡನೆಯದು ಕಾಯಿದೆಯ ಮಾತು. ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಹೊಟೇಲಿನಲ್ಲಿ, ನಿಗದಿತ ಮಿತಿಯೊಳಗೆ ಪಗಾರ ಪಡೆಯುವವನಿಗೆ ಇ.ಎಸ್.ಐ. ವಿಮೆ ಸಲ್ಲಬೇಕು. 2019ರ ದರದಂತೆ ನೂರು ರೂಪಾಯಿ ಪಗಾರಕ್ಕೆ ನಮ್ಮ ಪಾಲು 75 ಪೈಸೆ, ಮಾಲಕರ ಪಾಲು 3 ರೂಪಾಯಿ 25 ಪೈಸೆ. ಕೆಲಸದಲ್ಲಿ ಪೆಟ್ಟಾಗಿ ಪೂರ್ಣ ಅಶಕ್ತನಾದವನಿಗೆ ಪಗಾರದ ನೂರಕ್ಕೆ 90ರ ಲೆಕ್ಕದಲ್ಲಿ ಪರಿಹಾರವುಂಟು. ಆದರೆ ರಿಜಿಸ್ಟರಿನಲ್ಲಿ ಹೆಸರೇ ಇಲ್ಲದವನು ತನ್ನ ಹಕ್ಕಿಗಾಗಿ ಅಲೆಯಬೇಕಾಗುತ್ತದೆ. ಬಿದ್ದ ಮೇಲೆ ಕೇಳುವುದಕ್ಕಿಂತ ಇಂದೇ ಕೇಳಿರಿ: ನನ್ನ ವಿಮೆಯ ನಂಬರು ಯಾವುದು?

ಮೂರನೆಯದು ಹೋರಾಟದ ಮಾತು. ಸೇವೆಯಲ್ಲಿದ್ದಾಗ ಅಂಗವಿಕಲನಾದ ಸರಕಾರಿ ನೌಕರನನ್ನು ಕೆಲಸದಿಂದ ತೆಗೆಯಬಾರದು, ಅವನಿಗೆ ಒಗ್ಗುವ ಬೇರೆ ಕೆಲಸ ಕೊಡಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಹೇಳುತ್ತದೆ. ಖಾಸಗಿ ಹೊಟೇಲು, ಗಿರಣಿಗಳ ಕೆಲಸಗಾರನಿಗೆ ಆ ಕಲಮಿನ ರಕ್ಷಣೆಯಿಲ್ಲ. ಇದೆಂತಹ ನ್ಯಾಯ? ಕಾಲು ಸೋತವನು ಗಲ್ಲಾದಲ್ಲಿ ಕುಳಿತು ಬಿಲ್ಲು ಬರೆಯಲಾರನೇ? ಉಗ್ರಾಣದ ಲೆಕ್ಕ ಇಡಲಾರನೇ? ಈ ರಕ್ಷಣೆ ಎಲ್ಲ ದುಡಿಯುವವರಿಗೂ ಬರಬೇಕೆಂದು ಕಾರ್ಮಿಕ ಸಂಘಗಳು ಒಕ್ಕೊರಲಿನಿಂದ ಕೇಳಬೇಕು.

ಬಿದ್ದವನಿಗೆ ವಂತಿಗೆ ಎತ್ತಿ ಊರಿನ ಬಸ್ಸು ಹತ್ತಿಸಿದರೆ ನಮ್ಮ ಕರ್ತವ್ಯ ತೀರಿತೆಂದು ಯಾರೂ ತಿಳಿಯಬಾರದು. ಅವನಿಗೆ ಬೇಕಾದದ್ದು ಕನಿಕರವಲ್ಲ, ಚಿಕಿತ್ಸೆ ಮತ್ತು ಕೆಲಸ. ಅಹ್ಲೂವಾಲಿಯಾ ತಮಗೆ ಸಿಕ್ಕಿದ್ದನ್ನು ಇತರರಿಗೂ ಸಿಗುವಂತೆ ಮಾಡಲು ಬಾಳನ್ನೇ ಸವೆಸಿದರು. ಸಂಘ ಕಟ್ಟಿಕೊಂಡಿರುವ ನಮಗೆ ಅಷ್ಟಾದರೂ ಛಲ ಬೇಡವೇ?