ಡಿಎನ್‌ಎ ಹೇಳಿದ್ದು ನಿಜ, ಮಾದರಿ ಯಾರದ್ದು?

ಕೋಲ್ಕತಾ: 2010ರ ಮೇ ತಿಂಗಳ ಎರಡು ದುರಂತಗಳನ್ನು ಹೊರನಾಡ ಕನ್ನಡಿಗರು ಮರೆಯುವಂತಿಲ್ಲ. ಮೇ 22ರಂದು ಮಂಗಳೂರಿನ ಬಜ್ಪೆಯಲ್ಲಿ ದುಬೈ ವಿಮಾನ ಉರಿದು 158 ಮಂದಿ ಅಸುನೀಗಿದರು. ಆರೇ ದಿನಗಳಲ್ಲಿ, ಹೌರಾದಿಂದ ಮುಂಬಯಿಗೆ ಹೊರಟಿದ್ದ ಜ್ಞಾನೇಶ್ವರಿ ಎಕ್ಸ್‌ಪ್ರೆಸ್ ಪಶ್ಚಿಮ ಮೇದಿನಿಪುರ ಜಿಲ್ಲೆಯಲ್ಲಿ ಹಳಿ ತಪ್ಪಿ 140ಕ್ಕೂ ಅಧಿಕ ಪ್ರಯಾಣಿಕರು ಬಲಿಯಾದರು. ಗುರುತು ಸಿಗದ ಶವಗಳಿಗೆ ಎರಡೂ ಕಡೆ ಡಿಎನ್‌ಎ ಪರೀಕ್ಷೆಯೇ ಕೊನೆಯ ಆಸರೆಯಾಯಿತು.

ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ 1984ರಲ್ಲಿ ಕಂಡುಕೊಂಡ ಡಿಎನ್‌ಎ ಬೆರಳಚ್ಚು ವಿಧಾನವನ್ನು ಭಾರತದಲ್ಲಿ ಬೆಳೆಸಿದವರು ಹೈದರಾಬಾದಿನ ವಿಜ್ಞಾನಿ ಲಾಲ್‌ಜಿ ಸಿಂಗ್. ನಮ್ಮ ಡಿಎನ್‌ಎಯ ಕೆಲವು ತಾಣಗಳಲ್ಲಿ ಪುಟ್ಟ ತುಣುಕುಗಳು ಪದೇ ಪದೇ ಮರುಕಳಿಸುತ್ತವೆ. ಪ್ರತಿ ತಾಣದಲ್ಲೂ ಒಂದು ಎಣಿಕೆ ತಾಯಿಯದ್ದು, ಇನ್ನೊಂದು ತಂದೆಯದ್ದು. ಹದಿನೈದಿಪ್ಪತ್ತು ತಾಣಗಳ ಎಣಿಕೆ ಸೇರಿದರೆ ಅದು ಒಬ್ಬ ವ್ಯಕ್ತಿಯ ಗುರುತು. ಸುಟ್ಟ ದೇಹದ ಹಲ್ಲು, ಮೂಳೆಯಿಂದಲೂ ಇದನ್ನು ಪಡೆದು ರಕ್ತಸಂಬಂಧಿಗಳೊಂದಿಗೆ ಹೋಲಿಸಬಹುದು.

ಆದರೆ ಮಂಗಳೂರಿನಲ್ಲಿ ಹೆಚ್ಚಿನ ಶವಗಳನ್ನು ಬಟ್ಟೆ, ಒಡವೆ, ಚಹರೆ ನೋಡಿ ತರಾತುರಿಯಲ್ಲಿ ಒಪ್ಪಿಸಲಾಗಿತ್ತು. ಉಳಿದ 22ರ ಪರೀಕ್ಷೆ ಹೈದರಾಬಾದಿನಲ್ಲಿ ನಡೆದಾಗ 10 ಹೊಂದಿದವು, 12 ಯಾರಿಗೂ ಹೊಂದಲಿಲ್ಲ. ಕೆಲವರ ದೇಹ ಅಷ್ಟರಲ್ಲೇ ಬೇರೆ ಮನೆಯವರ ಕೈಸೇರಿತ್ತು. ಆ 12 ಮಂದಿಗೆ ಕೂಳೂರಿನ ಮಣ್ಣೇ ಗತಿಯಾಯಿತು.

ಜ್ಞಾನೇಶ್ವರಿ ಪ್ರಕರಣ ಇನ್ನೂ ವಿಚಿತ್ರ. ಡಿಎನ್‌ಎ ಹೊಂದಿಕೆಯ ಆಧಾರದಲ್ಲಿ ಮೃತನೆಂದು ಘೋಷಿತನಾಗಿದ್ದ ಕೋಲ್ಕತಾದ ವ್ಯಕ್ತಿಯೊಬ್ಬ ಬದುಕಿದ್ದಾನೆಂದು 2021ರ ಜೂನ್‌ನಲ್ಲಿ ಸಿಬಿಐ ಪ್ರಕರಣ ದಾಖಲಿಸಿತು. ವರದಿಯನ್ನೇ ತಿರುಚಿ ಪರಿಹಾರಧನ, ರೈಲ್ವೆ ನೌಕರಿ ಪಡೆಯಲಾಗಿದೆ ಎಂಬುದು ಆರೋಪ. ಅತ್ತ ಡಿಎನ್‌ಎ ಹೊಂದದ ಕುಟುಂಬಗಳು ಮರಣ ಪ್ರಮಾಣಪತ್ರಕ್ಕಾಗಿ ವರ್ಷಗಟ್ಟಲೆ ಅಲೆದಾಡಿದವು. ಆ ಕಾಗದವಿಲ್ಲದೆ ವಿಮೆಯೂ ಇಲ್ಲ, ಪರಿಹಾರವೂ ಇಲ್ಲ.

ಕಾಣೆಯಾದವರ ಮತ್ತು ಅನಾಥ ಶವಗಳ ಡಿಎನ್‌ಎ ದಾಖಲೆಗೆ ಅವಕಾಶವಿದ್ದ 2019ರ ಮಸೂದೆಯನ್ನು ಖಾಸಗಿ ಮಾಹಿತಿಯ ದುರ್ಬಳಕೆಯ ಆತಂಕಗಳ ನಡುವೆ ಕೇಂದ್ರ ಸರಕಾರ 2023ರಲ್ಲಿ ಹಿಂಪಡೆಯಿತು. ಹೀಗಾಗಿ ಪ್ರತಿ ದುರಂತದಲ್ಲೂ ಮಾದರಿ ಸಂಗ್ರಹ ಮೊದಲಿನಿಂದಲೇ ಆರಂಭವಾಗಬೇಕು.

ಪರವೂರಲ್ಲಿ ದುಡಿಯುವವರ ಮಟ್ಟಿಗೆ ಇದು ಬರೇ ವಿಜ್ಞಾನದ ಮಾತಲ್ಲ. ಹೋಲಿಕೆಗೆ ಹೆತ್ತವರ, ಮಕ್ಕಳ ರಕ್ತವೇ ಶ್ರೇಷ್ಠ. ಪತಿ ಅಥವಾ ಪತ್ನಿಯ ರಕ್ತವೊಂದರಿಂದ ಗುರುತು ಸಿಗದು. ಹೆತ್ತವರೋ ಊರಲ್ಲಿರುತ್ತಾರೆ. ಅಂಥ ಹೊತ್ತಿನಲ್ಲಿ ಅವರನ್ನು ಬೇಗ ಕರೆತರುವುದು, ವರದಿ ಬರುವ ತನಕ ಕಾಯುವಂತೆ ಮನೆಯವರಿಗೆ ಧೈರ್ಯ ತುಂಬುವುದು ಕನ್ನಡ ಸಂಘಗಳಿಂದ ಆಗಬಹುದಾದ ದೊಡ್ಡ ಉಪಕಾರ. ನಾಲ್ಕು ದಿನ ತಡವಾದರೂ ತಮ್ಮವರ ದೇಹ ತಮ್ಮವರಿಗೇ ಸೇರಬೇಕು.