ತಡವಾಗಿ ಬಂದ ನಗು
ಮಹಾರಾಷ್ಟ್ರ ಗಡಿಯ ಸಂಕೇಶ್ವರದ ಕಿವಿಗೆ ಮರಾಠಿ ಹೊಸದಲ್ಲ. 2016ರಲ್ಲಿ ಮರಾಠಿ ಸಿನಿಮಾ ‘ಸೈರಾಟ್’ ನೋಡಿ, ಒಂದು ಮಾತಿನ ಅರ್ಥವನ್ನೂ ಯಾರನ್ನೂ ಕೇಳದೆ ಅತ್ತವರು ನಾವು. ಮೊನ್ನೆ ಕನ್ನಡ ಸಿನಿಮಾ ‘ಸು ಫ್ರಮ್ ಸೋ’ ನೋಡುವಾಗ ಮಾತ್ರ ಕನ್ನಡವೇ ಕೈಕೊಟ್ಟಿತು. ನಿರ್ದೇಶಕ ಜೆ.ಪಿ. ತುಮಿನಾಡರ ಕರಾವಳಿ ಕನ್ನಡ ತಲೆಗೆ ಇಳಿಯುವಷ್ಟರಲ್ಲಿ ಮುಂದಿನ ಜೋಕೂ ಮುಗಿದಿರುತ್ತಿತ್ತು. ಪಕ್ಕದಲ್ಲಿ ಕಾಕಾ, ‘ಏನಂತಲೇ?’ ಅಂತ ಮೊಣಕೈಯಿಂದ ತಿವಿಯುತ್ತಲೇ ಇದ್ದರು. ಚಿತ್ರದ ನಾಯಕ ಅಶೋಕನ ಮೈಮೇಲೆ ಸುಲೋಚನಾಳ ದೆವ್ವ ಬಂದ ಮೇಲೆ ತಿವಿತ ನಿಂತಿತು. ಮೈಮೇಲೆ ಬರುವುದಕ್ಕೆ ನಮ್ಮ ಕಡೆ ಯಾರೂ ಅರ್ಥ ಹೇಳಬೇಕಿಲ್ಲ. ನನಗೆ ಇದಕ್ಕಿಂತ ಹಿಡಿಸಿದ್ದು 2024ರ ‘ಶಾಖಾಹಾರಿ’. ಕೊಲೆಯ ಕಥೆ ನಿಜ, ಆದರೆ ಕಣ್ಣು ಹೋಗುವುದು ಮಲೆನಾಡಿನ ಆ ಪುಟ್ಟ ಹೋಟೆಲಿನ ಒಲೆ ಮುಂದೆ ನಿಂತ ರಂಗಾಯಣ ರಘು ಅವರ ಕೈಗಳ ಮೇಲೆ. ಕೊನೆ ತುಸು ಅವಸರದ್ದು. ಕಾಕಾಗೆ ಇದನ್ನು ತೋರಿಸಿಲ್ಲ. ಹೋಟೆಲಿನ ಚಹಾ ಬಿಟ್ಟಾರು.